ಒಂದು ಒತ್ತು, ಒಂದು ದೀರ್ಘ: ವ್ಯಾಪಾರದ ಪತ್ರಗಳಲ್ಲಿ ಕ್ರಿಯಾಪದದ ರೂಪಗಳು

ತೆರಿಗೆ, ರಿಟರ್ನ್, ಗಡುವು ಇವುಗಳನ್ನು ಕುರಿತೇ ಈ ಪುಟಗಳಲ್ಲಿ ಬರೆಯುತ್ತ ಬಂದಿರುವ ನಾನು ಈ ತಿಂಗಳು ವ್ಯಾಕರಣದ ಪಾಠಕ್ಕೆ ಕೈಹಾಕಿರುವುದನ್ನು ಕಂಡು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಸದಸ್ಯರೊಬ್ಬರು ಮಾಲೂರಿನ ಕಡೆ ಗ್ರಾನೈಟ್ ಸ್ಲ್ಯಾಬುಗಳಿಗೆ ಹೊಳಪು ಕೊಡುವ ಸಣ್ಣ ಘಟಕವನ್ನು ನಡೆಸುತ್ತಾರೆ. ಹೊಸ ಪಾಲಿಶ್ ಯಂತ್ರವೊಂದಕ್ಕಾಗಿ ಅವರು ಇಟಲಿಯ ತಯಾರಕರೊಡನೆ ಪತ್ರವ್ಯವಹಾರ ನಡೆಸಿದರು. ಬಂದ ಉತ್ತರ ಇಟಾಲಿಯನ್ ಭಾಷೆಯಲ್ಲಿತ್ತು. ಕಚೇರಿಯ ಹುಡುಗ ಅದನ್ನು ಮೊಬೈಲಿನಲ್ಲಿ ಇಂಗ್ಲಿಷಿಗೆ ತಿರುಗಿಸಿದಾಗ ಯಂತ್ರವನ್ನು ಮಾರ್ಚ್ ತಿಂಗಳೊಳಗೆ 'ವುಡ್ ಶಿಪ್' ಎಂದು ಬಂತು. ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ 'ವುಡ್' ಎಂಬುದು 'ವಿಲ್' ಎಂಬುದರ ವಿನಯದ ರೂಪವೆಂದೇ ಎಲ್ಲರ ಎಣಿಕೆ. ಹಾಗಾಗಿ ಸದಸ್ಯರು ಇದನ್ನು ಭರವಸೆ ಎಂದು ತಿಳಿದು ಬ್ಯಾಂಕಿನಿಂದ ಸಾಲದ ಕಂತು ಬಿಡಿಸಿಕೊಂಡರು, ಶೆಡ್ಡಿನಲ್ಲಿ ಕಾಂಕ್ರೀಟ್ ಹಾಸನ್ನೂ ಹಾಕಿಸಿದರು. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಬಡ್ಡಿ ಓಡುತ್ತಿತ್ತು. ವಿಚಾರಿಸಿದಾಗ ಬಂದ ಉತ್ತರ ಇಷ್ಟೇ: ಮುಂಗಡ ಪೂರ್ತಿಯಾಗಿ ಬಂದಿದ್ದರೆ ಕಳುಹಿಸುತ್ತಿದ್ದೆವು, ಪತ್ರದಲ್ಲಿಯೂ ಹಾಗೆಯೇ ಬರೆದಿದ್ದೆವು.

ನಷ್ಟ ಪರಿಹಾರ ಕೇಳಬಹುದೇ ಎಂದು ಅವರು ಪತ್ರವನ್ನು ಹಿಡಿದು ನನ್ನಲ್ಲಿಗೆ ಬಂದರು. ನನಗೆ ಇಟಾಲಿಯನ್ ಬಾರದು. ಆದರೂ ಒಂದು ವ್ಯಾಕರಣ ಪುಸ್ತಕ ತರಿಸಿಕೊಂಡು ಆ ಒಂದು ಪದದ ಮೇಲೆ ನಾಲ್ಕು ಸಂಜೆ ಕುಳಿತೆ. ಪತ್ರದಲ್ಲಿದ್ದ ಪದ 'ಸ್ಪೆದಿರೆಮ್ಮೊ'. ನಮ್ಮ ಸದಸ್ಯರಿಗೆ ಬೇಕಾಗಿದ್ದ ಪದ 'ಸ್ಪೆದಿರೇಮೊ'. ಎರಡಕ್ಕೂ ಇರುವ ವ್ಯತ್ಯಾಸ ಒಂದು 'ಮ' ಮಾತ್ರ. ಮೊದಲನೆಯದರ ಅರ್ಥ 'ಕಳುಹಿಸುತ್ತಿದ್ದೆವು, ಇಂಥದೊಂದು ಆದರೆ'. ಎರಡನೆಯದರ ಅರ್ಥ 'ಕಳುಹಿಸುವೆವು'. ಆ ಒಂದು ಒತ್ತಿನ ಬೆಲೆ ಎರಡು ತಿಂಗಳ ಬಡ್ಡಿ.

ಇಟಾಲಿಯನ್ನಿನಲ್ಲಿ ಧಾತುಗಳು ಮೂರು ಗುಂಪಾಗಿ ನಿಲ್ಲುತ್ತವೆ. ಮೂಲರೂಪವು 'ಆರೆ' ಎಂದು ಮುಗಿಯುವವು, 'ಎರೆ' ಎಂದು ಮುಗಿಯುವವು, 'ಈರೆ' ಎಂದು ಮುಗಿಯುವವು. ವ್ಯಾಪಾರಿಗೆ ಅನುಕೂಲವಾಗಲೆಂದೋ ಎಂಬಂತೆ ಮೂರು ಗುಂಪಿಗೂ ನಮ್ಮ ಕಸುಬಿನದೇ ಒಂದೊಂದು ಧಾತು ಸಿಗುತ್ತದೆ: ಕೊಂಪ್ರಾರೆ ಎಂದರೆ ಕೊಳ್ಳು, ವೆಂದೆರೆ ಎಂದರೆ ಮಾರು, ಸ್ಪೆದೀರೆ ಎಂದರೆ ಕಳುಹಿಸು. ಮೂರೂ ಕ್ರಮಬದ್ಧ ಧಾತುಗಳು. ಒಂದರ ಪ್ರತ್ಯಯಗಳನ್ನು ಕಲಿತರೆ ಆ ಗುಂಪಿನ ಇತರ ಕ್ರಮಬದ್ಧ ಧಾತುಗಳೂ ಕೈವಶವಾಗುತ್ತವೆ. ಮೂರನೆಯ ಗುಂಪಿನ ಧಾತುವನ್ನು 'ನಾವು' ಎಂಬ ಕರ್ತೃವಿಗೆ ನಡೆಸಿದರೆ ಹೀಗಾಗುತ್ತದೆ:

ಸ್ಪೆದಿಯಾಮೊ: ಕಳುಹಿಸುತ್ತೇವೆ.
ಅಬ್ಬಿಯಾಮೊ ಸ್ಪೆದೀತೊ: ಕಳುಹಿಸಿದ್ದೇವೆ.
ಸ್ಪೆದಿವಾಮೊ: ಕಳುಹಿಸುತ್ತಿದ್ದೆವು (ಹಿಂದೆ, ರೂಢಿಯಾಗಿ).
ಸ್ಪೆದಿರೇಮೊ: ಕಳುಹಿಸುವೆವು.
ಸ್ಪೆದಿರೆಮ್ಮೊ: ಕಳುಹಿಸುತ್ತಿದ್ದೆವು (ಇಂಥದು ಆಗುವುದಾದರೆ).

ಕೊನೆಯ ಎರಡು ಸಾಲುಗಳ ಅಪಾಯ ಮೂರು ಗುಂಪಿಗೂ ಸಮಾನ. ಕೊಂಪ್ರೆರೇಮೊ ಎಂದರೆ ಕೊಳ್ಳುವೆವು, ಕೊಂಪ್ರೆರೆಮ್ಮೊ ಎಂದರೆ ಷರತ್ತಿನ ಮಾತು. ವೆಂದೆರೇಮೊ, ವೆಂದೆರೆಮ್ಮೊ ಕೂಡ ಹಾಗೆಯೇ. ಗೌರವದ ರೂಪದಲ್ಲಿ ಇನ್ನೊಂದು ಬಗೆಯ ತೊಡಕಿದೆ. ನಾವು ಗೌರವಕ್ಕೆ ಬಹುವಚನ ಬಳಸಿದರೆ ಇಟಲಿಯವರು ಪತ್ರದಲ್ಲಿ ಗೌರವಕ್ಕೆ ಪ್ರಥಮಪುರುಷದ ಏಕವಚನವನ್ನು ಬಳಸುತ್ತಾರೆ. 'ಪಗೆರಾ' ಎಂಬ ಒಂದೇ ರೂಪ 'ಅವನು ಪಾವತಿಸುವನು' ಎಂದೂ ಆಗಬಹುದು, 'ತಾವು ಪಾವತಿಸುವಿರಿ' ಎಂದೂ ಆಗಬಹುದು. ಸಾಗಣೆ ವೆಚ್ಚದ ಸಾಲಿನಲ್ಲಿ ಈ ಪದ ಕಂಡರೆ ಪಾವತಿಸುವವನು ಮೂರನೆಯವನಲ್ಲ, ಪತ್ರ ಓದುತ್ತಿರುವ ನೀವೇ ಆಗಿರಲೂಬಹುದು.

ಇಟಲಿಯ ಮಾತು ನಮಗೆ ದೂರದ್ದಲ್ಲ. 1910ರ ದಶಕದಲ್ಲಿ ಮೈಸೂರು ಸರ್ಕಾರವು ಇಟಲಿಯ ರೇಷ್ಮೆ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿಕೊಂಡು ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ನಡೆಸಿತು. ಅದಕ್ಕಿಂತ ಹಳೆಯ ನಂಟು ನಮ್ಮ ಖಾತೆ ಪುಸ್ತಕದ್ದು. ಜೋಡಿ ನಮೂದಿನ ಲೆಕ್ಕ ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದವನು ಲೂಕಾ ಪಚೋಲಿ. ಪುಸ್ತಕ ವೆನಿಸ್ ನಗರದಲ್ಲಿ 1494ರಲ್ಲಿ ಮುದ್ರಣವಾಯಿತು. ಆ ಕಾಲದ ಖಾತೆಗಳಲ್ಲಿ ಒಂದು ಬದಿಗೆ 'ಕೊಡಬೇಕು', ಇನ್ನೊಂದು ಬದಿಗೆ 'ಪಡೆಯಬೇಕು' ಎಂಬ ಕ್ರಿಯಾಪದಗಳೇ ಇರುತ್ತಿದ್ದವು. ಇಂದಿಗೂ ಇಟಲಿಯ ಖಾತೆಯ ಎಡಬದಿಯ ಶೀರ್ಷಿಕೆ 'ದಾರೆ', ಅಂದರೆ ಕೊಡು. ಬಲಬದಿಯದು 'ಅವೇರೆ', ಅಂದರೆ ಹೊಂದು. ನಾವು ಡೆಬಿಟ್, ಕ್ರೆಡಿಟ್ ಎಂದು ನಾಮಪದ ಮಾಡಿ ಮರೆತದ್ದನ್ನು ಅವರು ಕ್ರಿಯಾಪದವಾಗಿಯೇ ಇಟ್ಟುಕೊಂಡಿದ್ದಾರೆ.

ಇದಕ್ಕಿಂತ ಸೊಗಸಾದದ್ದು ಪ್ರಾಮಿಸರಿ ನೋಟಿಗೆ ಅವರಿಟ್ಟ ಹೆಸರು. ಪಗಾರೆ ಎಂದರೆ ಪಾವತಿಸು. ಅದರ ಭವಿಷ್ಯತ್ಕಾಲ ಉತ್ತಮಪುರುಷ ಏಕವಚನ 'ಪಗೆರೋ', ಅಂದರೆ 'ಪಾವತಿಸುವೆನು'. ಪತ್ರದ ಹೆಸರೂ ಅದೇ. ಸಾಲಗಾರ ಒಂದು 'ಪಾವತಿಸುವೆನು' ಬರೆದುಕೊಟ್ಟ, ಬ್ಯಾಂಕು ಆ 'ಪಾವತಿಸುವೆನು'ವನ್ನು ವಟಾಯಿಸಿತು ಎಂದು ಅವರು ಮಾತಾಡುತ್ತಾರೆ. ಇದೇ ಧಾತುವಿನ ಷರತ್ತಿನ ರೂಪ 'ಪಗೆರೇಯ್'. ಅದರ ಮೇಲೆ ಯಾರೂ ಸಾಲ ಕೊಡರು. ಅವರ 1933ರ ಹುಂಡಿ ಶಾಸನವೂ ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 4ನೆಯ ಕಲಮೂ ಕೇಳುವುದು ಒಂದನ್ನೇ: ನಿಶ್ಚಿತ ಮೊಬಲಗನ್ನು ಕೊಡುವ ಷರತ್ತಿಲ್ಲದ ವಾಗ್ದಾನ. ನಮ್ಮ 4ನೆಯ ಕಲಮಿನ ಕೆಳಗಿರುವ ಉದಾಹರಣೆಗಳನ್ನು ಒಮ್ಮೆ ಓದಿ ನೋಡಬೇಕು. ಐನೂರು ರೂಪಾಯಿ ಕೊಡುವೆನೆಂದು ಬರೆದರೆ ಅದು ಪ್ರಾಮಿಸರಿ ನೋಟು. ಇಂಥವಳೊಡನೆ ನನ್ನ ಮದುವೆಯಾದ ಏಳು ದಿನಕ್ಕೆ ಕೊಡುವೆನೆಂದು ಬರೆದರೆ ಅಲ್ಲ. ಬರಿದೆ ಇಷ್ಟು ಬಾಕಿ ಎಂದು ಚೀಟಿ ಬರೆದುಕೊಟ್ಟರೂ ಅಲ್ಲ.

ಈಗ ಕನ್ನಡಕ್ಕೆ ಬರೋಣ. ಪರಭಾಷೆಯ ಪತ್ರವನ್ನು ನಾವು ನಾಲ್ಕು ಸಲ ಓದುತ್ತೇವೆ. ನಮ್ಮ ಭಾಷೆಯ ಪತ್ರವನ್ನು ಅರ್ಧ ಓದಿ ಫೈಲಿಗೆ ಸೇರಿಸುತ್ತೇವೆ. ಹೆಚ್ಚು ಹಣ ಹೋಗುವುದು ಇಲ್ಲಿಯೇ.

ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಆಖ್ಯಾತ ಪ್ರಕರಣವನ್ನು ಬರೆದ. ಧಾತು, ಅದರ ಮೇಲೆ ಕಾಲವನ್ನು ಸೂಚಿಸುವ ಪ್ರತ್ಯಯ, ಅದರ ಮೇಲೆ ಯಾರು ಎಂಬುದನ್ನು ಸೂಚಿಸುವ ಪ್ರತ್ಯಯ ಎಂಬ ಕಟ್ಟು ಇಂದಿಗೂ ಅದೇ. ಪಾವತಿಸು, ಉವ, ಎನು ಸೇರಿ ಪಾವತಿಸುವೆನು. ಕರ್ತೃಪದವನ್ನು ಬಿಟ್ಟರೂ ಯಾರು ಎಂಬುದು ಪದದ ಬಾಲದಲ್ಲಿಯೇ ಇರುತ್ತದೆ. ಈ ವಿಷಯದಲ್ಲಿ ಕನ್ನಡವೂ ಇಟಾಲಿಯನ್ನೂ ಒಂದೇ ಜಾಯಮಾನದವು. ಇಂಗ್ಲಿಷಿಗೆ ಈ ಸೌಕರ್ಯವಿಲ್ಲ. 'ವಿಲ್ ಪೇ ಸೂನ್' ಎಂದು ವಾಟ್ಸಾಪಿನಲ್ಲಿ ಬಂದರೆ ಕೊಡುವವನು ತಾನೋ, ತಮ್ಮನೋ, ಪಾಲುದಾರನೋ ತಿಳಿಯದು. ಎಂದು ಎಂಬುದಂತೂ ತಿಳಿಯದು.

ನಮ್ಮಲ್ಲಿ ಕಾಲಗಳಲ್ಲದೆ ವಿಧಿ, ನಿಷೇಧ, ಸಂಭಾವನೆ ಎಂಬ ಮೂರು ಅರ್ಥಗಳಿಗೂ ಬೇರೆ ರೂಪಗಳಿವೆ. ಶಾಲೆಯಲ್ಲಿ ಇವನ್ನು ಹಾಡಿನಂತೆ ಒಪ್ಪಿಸಿ ಮರೆತಿದ್ದೇವೆ. 'ಕೊಡು' ಧಾತುವಿಗೆ ಉತ್ತಮಪುರುಷದಲ್ಲಿ ಇವನ್ನು ಸಾಲಾಗಿಟ್ಟು ನೋಡಿ: ಕೊಟ್ಟೆನು, ಕೊಡುವೆನು, ಕೊಡೆನು, ಕೊಟ್ಟೇನು. ಮೊದಲನೆಯದು ಸಂದಾಯವಾದ ಹಣ. ಎರಡನೆಯದು ವಾಗ್ದಾನ. ಮೂರನೆಯದು ಖಡಾಖಂಡಿತ ನಿರಾಕರಣೆ, ಎರಡನೆಯದರಿಂದ ಒಂದಕ್ಷರ ಬಿದ್ದುಹೋದರೂ ಸಾಕು. ನಾಲ್ಕನೆಯದು ಕೊಟ್ಟರೂ ಕೊಡಬಹುದು ಎಂಬ ಸಂಭಾವನೆ. ಒಂದನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಅಂತರ ಒಂದು ದೀರ್ಘದ ಕೊಂಬು. ಪ್ರಥಮಪುರುಷದಲ್ಲಿಯೂ ಅಷ್ಟೇ, ಕೊಟ್ಟನು ಮತ್ತು ಕೊಟ್ಟಾನು. ಅವಸರದ ಕೈಬರಹದಲ್ಲಿ ಆ ದೀರ್ಘ ಇದೆಯೋ ಇಲ್ಲವೋ ಹೇಳುವುದು ಕಷ್ಟ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಕಕ್ಷಿದಾರರಾದ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರಿಗೆ ಹೊರ ಊರಿನ ಗಿರಾಕಿಯೊಬ್ಬರಿಂದ 86,400 ರೂಪಾಯಿ ಬರಬೇಕಾಗಿತ್ತು. ದಾವೆ ಹಾಕಲೇ ಎಂದು ಅವರು ಕೇಳಿದಾಗ, ಬಾಂಧವ್ಯ ಕೆಡಿಸಿಕೊಳ್ಳುವುದೇಕೆ, ಒಂದು ಪತ್ರ ಬರೆಸಿಕೊಳ್ಳಿ ಎಂದು ನಾನೇ ಸಲಹೆ ಕೊಟ್ಟೆ. ಪತ್ರವೇನೋ ಬಂತು. ತಮ್ಮ ಬಾಕಿಯನ್ನು ಮರೆತಿಲ್ಲ, ಮಗ್ಗ ನಡೆದರೆ ಕೊಟ್ಟೇನು ಎಂದು ಎರಡು ಸಾಲು. ಬಂತಲ್ಲ ಎಂಬ ಸಮಾಧಾನದಲ್ಲಿ ನಾನು ಅದರ ಮೇಲೆ ಟಿಕ್ ಹಾಕಿ ಫೈಲಿಗೆ ಸೇರಿಸಿದೆ. ದಿನಾಂಕವನ್ನೂ ನೋಡಲಿಲ್ಲ, ಕ್ರಿಯಾಪದವನ್ನೂ ನೋಡಲಿಲ್ಲ. ಮುಂದೆ ದಾವೆಗೆಂದು ಹೋದಾಗ ವಕೀಲರು ಎರಡನ್ನೂ ನೋಡಿದರು. ಸರಕು ಕೊಟ್ಟ ದಿನದಿಂದ ಮೂರು ವರ್ಷದ ಕಾಲಮಿತಿ ಮುಗಿದ ನಾಲ್ಕು ತಿಂಗಳ ಮೇಲೆ ಆ ಪತ್ರ ಬರೆಯಲಾಗಿತ್ತು.

ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1963ರ ಕಾಲಮಿತಿ ಅಧಿನಿಯಮದ 18ನೆಯ ಕಲಮಿನಂತೆ, ಅವಧಿ ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ ಸಹಿಯ ದಿನದಿಂದ ಹೊಸ ಅವಧಿ ಆರಂಭ. ಅಲ್ಲಿ ವಾಗ್ದಾನ ಬೇಕಿಲ್ಲ. 'ಬಾಕಿ ಇದೆ' ಎಂಬ ವರ್ತಮಾನ ಸಾಕು. 'ಬಾಕಿ ಇದೆ, ಆದರೆ ಕೊಡೆನು' ಎಂದರೂ ಸಾಕು. ಅವಧಿ ಮುಗಿದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು 1872ರ ಕರಾರು ಅಧಿನಿಯಮದ 25ನೆಯ ಕಲಮಿನ 3ನೆಯ ಉಪಕಲಮು. ಅದಕ್ಕೆ ಒಪ್ಪಿಗೆಯ ಮಾತು ಸಾಲದು, ಪಾವತಿಸುವೆನೆಂಬ ವಾಗ್ದಾನವೇ ಬರಹದಲ್ಲಿ, ಸಹಿಯೊಡನೆ ಬೇಕು. ಅಂದರೆ ಅವಧಿಯ ಒಳಗೆ ವರ್ತಮಾನಕಾಲ, ಅವಧಿಯ ಆಚೆ ಭವಿಷ್ಯತ್ಕಾಲ. ನಮ್ಮ ಕೈಯಲ್ಲಿದ್ದದ್ದು ಎರಡೂ ಅಲ್ಲ. ಸಂಭಾವನೆ, ಅದೂ 'ನಡೆದರೆ' ಎಂಬ ಷರತ್ತಿನೊಡನೆ. 'ಮಗ್ಗ ನಡೆದರೆ ಕೊಡುವೆನು' ಎಂದು ಬರೆದಿದ್ದರೂ ಮಗ್ಗ ನಡೆಯುತ್ತಿರುವುದನ್ನು ತೋರಿಸಿ ವಾದಿಸಬಹುದಾಗಿತ್ತು ಎಂದರು ವಕೀಲರು. ಆ ಮೊಬಲಗನ್ನು ಕೊನೆಗೆ ಬಾರದ ಬಾಕಿ ಎಂದು ಖರ್ಚು ಬರೆದವನು ನಾನೇ.

ಅಂದಿನಿಂದ ಪತ್ರಗಳಲ್ಲಿ 'ಕೊಡು' ಧಾತುವನ್ನು ಆದಷ್ಟು ಬಿಟ್ಟು 'ಪಾವತಿಸು' ಬಳಸಿರೆಂದು ಹೇಳುತ್ತ ಬಂದಿದ್ದೇನೆ. ಪಂಡಿತರಿಗೆ ಇದು ರುಚಿಸಲಿಕ್ಕಿಲ್ಲ. ಅಚ್ಚಕನ್ನಡವನ್ನು ಬಿಟ್ಟು 'ಇಸು' ಹಚ್ಚಿದ ಪದವೇಕೆ ಎನ್ನುತ್ತಾರೆ. ನನ್ನ ಉತ್ತರ ಲೆಕ್ಕಿಗನದು. ಕೊಡು, ಕೊಳ್ಳು, ತರು, ಬರು ಇವು ಭೂತಕಾಲದಲ್ಲಿ ತಮ್ಮ ಆಕಾರವನ್ನೇ ಬದಲಿಸುತ್ತವೆ: ಕೊಟ್ಟ, ಕೊಂಡ, ತಂದ, ಬಂದ. ದಿನಬಳಕೆಯ ಧಾತುಗಳು ಅನೇಕ ಭಾಷೆಗಳಲ್ಲಿ ಹೀಗೆ ಸವೆದು ಅಂಕುಡೊಂಕಾಗಿರುತ್ತವೆ. ಇಟಲಿಯ ದಾರೆ, ಅವೇರೆ ಕೂಡ ಕ್ರಮ ತಪ್ಪಿದ ಧಾತುಗಳೇ. 'ಇಸು' ಹಚ್ಚಿದ ಪಾವತಿಸು, ರವಾನಿಸು, ಸಲ್ಲಿಸು ಮುಂತಾದವು ಹಾಗಲ್ಲ. ಪಾವತಿಸಿದೆನು, ಪಾವತಿಸುವೆನು, ಪಾವತಿಸಿಯೇನು. ಇಲ್ಲಿ ರೂಪಗಳ ನಡುವೆ ಕಣ್ಣಿಗೆ ಕಾಣುವಷ್ಟು ದೂರವಿದೆ. ದೀರ್ಘ ಬಿಟ್ಟುಹೋದರೂ ಸಂಭಾವನೆಯು ರಸೀದಿಯಾಗದು. ಇನ್ನು 'ಪಾವತಿಸುತ್ತೇನೆ' ಎಂಬುದು ಇಂದಿನ ಕನ್ನಡದಲ್ಲಿ ವರ್ತಮಾನಕ್ಕೂ ಭವಿಷ್ಯತ್ತಿಗೂ ಸಲ್ಲುತ್ತದೆ. ಪ್ರತಿ ತಿಂಗಳೂ ಪಾವತಿಸುತ್ತೇನೆ ಎಂಬುದು ರೂಢಿ, ಬರುವ 15ರಂದು ಪಾವತಿಸುತ್ತೇನೆ ಎಂಬುದು ವಾಗ್ದಾನ. ದಿನಾಂಕವನ್ನು ಬರೆಯದಿದ್ದರೆ ಆ ಪದ ಎತ್ತ ಬೇಕಾದರೂ ವಾಲುತ್ತದೆ.

ಭೂತ ಮತ್ತು ಭವಿಷ್ಯತ್ತಿನ ಅಂತರ ಸಾಲಕ್ಕೆ ಮಾತ್ರ ಸೇರಿದ್ದಲ್ಲ. 1930ರ ಸರಕು ಮಾರಾಟ ಅಧಿನಿಯಮದ 4ನೆಯ ಕಲಮು ಮಾರಾಟವನ್ನೂ ಮಾರುವ ಕರಾರನ್ನೂ ಬೇರ್ಪಡಿಸುತ್ತದೆ. ಒಡೆತನ ಈಗಲೇ ದಾಟಿದರೆ ಮಾರಾಟ. ಮುಂದೆ ದಾಟುವುದಾದರೆ, ಅಥವಾ ಷರತ್ತು ನೆರವೇರಿದ ಮೇಲೆ ದಾಟುವುದಾದರೆ, ಕರಾರು. ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನದ ಜೊತೆಯಲ್ಲಿಯೇ ನಷ್ಟದ ಹೊಣೆಯೂ ದಾಟುತ್ತದೆ ಎನ್ನುತ್ತದೆ 26ನೆಯ ಕಲಮು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ವ್ಯವಹಾರ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಣಿಸಿ ಬೇರೆ ಇಟ್ಟ ಇನ್ನೂರು ಬಾಕ್ಸ್ ಹಣ್ಣು ಲಾರಿ ಹೊರಡುವ ಮುನ್ನವೇ ಮಳೆಗೆ ಸಿಕ್ಕಿ ಹಾಳಾದರೆ, ಚೀಟಿಯಲ್ಲಿ 'ಮಾರಿದೆವು' ಎಂದಿದೆಯೋ 'ಮಾರುವೆವು' ಎಂದಿದೆಯೋ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಪದವೊಂದೇ ಎಲ್ಲವನ್ನೂ ತೀರ್ಮಾನಿಸದು, ಉಭಯತರ ಉದ್ದೇಶವನ್ನು ನ್ಯಾಯಾಲಯ ನೋಡುತ್ತದೆ. ಆದರೆ ಉದ್ದೇಶಕ್ಕೆ ಮೊದಲ ಸಾಕ್ಷಿ ಬರೆದ ಪದವೇ ಅಲ್ಲವೇ?

ನಮ್ಮ ವಕ್ಕಲೇರಿಯಲ್ಲಿ ದೊರೆತ ತಾಮ್ರಶಾಸನವನ್ನು ಇಲ್ಲಿ ನೆನೆಯದಿರಲಾರೆ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನು ಶಕವರ್ಷ 679ರಲ್ಲಿ, ಅಂದರೆ ಕ್ರಿ.ಶ. 757ರಲ್ಲಿ, ಒಂದು ಊರನ್ನು ದಾನ ಕೊಟ್ಟ ಪತ್ರವದು. ಭಾಷೆ ಸಂಸ್ಕೃತ. ದಾನದ ವಾಕ್ಯದ ಜಾಡು ಆ ಕಾಲದ ಚಾಲುಕ್ಯ ಶಾಸನಗಳ ವಾಡಿಕೆಯದೇ: ಮೊದಲು ನಿಮಗೆಲ್ಲ ತಿಳಿದಿರಲಿ ಎಂಬ ವಿಧ್ಯರ್ಥ, ಕೊನೆಗೆ ನಮ್ಮಿಂದ ಕೊಡಲ್ಪಟ್ಟಿದೆ ಎಂಬ ಮುಗಿದ ಕ್ರಿಯೆ. ಕೊಡುವೆನು ಎಂದು ಬರೆದಿದ್ದರೆ ಅದು ದಾನವಾಗುತ್ತಿರಲಿಲ್ಲ. ಇಂದಿನ ಜಮೀನಿನ ಪತ್ರಗಳಲ್ಲಿಯೂ ಇದೇ ನಿಯಮ. ಕ್ರಯಪತ್ರದಲ್ಲಿ 'ಕ್ರಯಕ್ಕೆ ಕೊಟ್ಟಿರುತ್ತೇನೆ', ಕ್ರಯದ ಕರಾರಿನಲ್ಲಿ 'ಕ್ರಯಕ್ಕೆ ಕೊಡುತ್ತೇನೆ'. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನಂತೆ ಎರಡನೆಯದರಿಂದ ಮಾತ್ರಕ್ಕೇ ಜಮೀನಿನಲ್ಲಿ ಯಾವ ಹಕ್ಕೂ ಹುಟ್ಟದು.

ಆ ಶಾಸನದ ದಾನವಾಕ್ಯ ಕರ್ಮಣಿಯಲ್ಲಿದ್ದರೂ ಅಲ್ಲಿ 'ನಮ್ಮಿಂದ' ಎಂಬ ಪದವಿರುತ್ತದೆ. ಕಚೇರಿಗಳಿಗೆ ಪ್ರಿಯವಾದ 'ಹಣವನ್ನು ಪಾವತಿಸಲಾಗುವುದು' ಎಂಬ ವಾಕ್ಯದಲ್ಲಿ ಅದೇ ಕಾಣೆಯಾಗಿರುತ್ತದೆ. ಪದದ ಬಾಲದಲ್ಲಿರುವ 'ಉದು' ನಪುಂಸಕ. ಅದಕ್ಕೆ ಹೆಸರಿಲ್ಲ, ವಿಳಾಸವಿಲ್ಲ. ಪಾಲುದಾರಿ ಸಂಸ್ಥೆಯ ಗುಮಾಸ್ತೆ ಈ ವಾಕ್ಯದ ಕೆಳಗೆ ಸಹಿ ಮಾಡಿದರೆ ಮಾತು ಯಾರದೆಂದು ಕೇಳಬೇಕಾಗುತ್ತದೆ. ಸರ್ಕಾರಿ ಪತ್ರಕ್ಕೆ ಅದು ಶೋಭೆ ಇರಬಹುದು, ವ್ಯಾಪಾರದ ಪತ್ರಕ್ಕೆ ಬೇಡ.

ಮಂಡಿಯಲ್ಲಿ ಇನ್ನೂ ಹೆಚ್ಚು ಕೇಳಿಬರುವ ಪದ 'ಕೊಡಿಸ್ತೀನಿ'. ಕೊಡುತ್ತೇನೆ ಎಂದವನು ಸಾಲಗಾರ. ನಡುವೆ 'ಇಸು' ಸೇರಿಸಿ ಕೊಡಿಸುತ್ತೇನೆ ಎಂದವನು ಯಾರು? ತಾನು ಹೇಳಿ ವಸೂಲಿ ಮಾಡಿಸಲು ಪ್ರಯತ್ನಿಸುತ್ತೇನೆ ಎಂದು ದಲ್ಲಾಳಿಯ ಮನಸ್ಸಿನಲ್ಲಿರುತ್ತದೆ. ಅವನೇ ಜಾಮೀನು ನಿಂತಿದ್ದಾನೆ ಎಂದು ಮಾಲು ಬಿಟ್ಟುಕೊಟ್ಟವನ ಮನಸ್ಸಿನಲ್ಲಿರುತ್ತದೆ. ಕರಾರು ಅಧಿನಿಯಮದ 126ನೆಯ ಕಲಮು ಜಾಮೀನು ಬಾಯಿಮಾತಿನದಾದರೂ ಸಲ್ಲುತ್ತದೆ ಎನ್ನುವುದರಿಂದ ಜಗಳಕ್ಕೆ ಅವಕಾಶ ಬಹಳ. ಜಾಮೀನೇ ಉದ್ದೇಶವಾದರೆ 'ಅವರು ಪಾವತಿಸದಿದ್ದರೆ ನಾನು ಪಾವತಿಸುವೆನು' ಎಂದು ಬರೆಸಿಕೊಳ್ಳಿ. ಜಾಮೀನು ನಿಲ್ಲಲು ಮನಸ್ಸಿಲ್ಲದ ದಲ್ಲಾಳಿಗಳು 'ಕೊಡಿಸುತ್ತೇನೆ' ಎಂಬ ಪದವನ್ನು ಚೀಟಿಯಲ್ಲಿ ಬರೆಯದಿರುವುದು ಲೇಸು.

ನಮ್ಮ ಗಡಿ ತಾಲ್ಲೂಕುಗಳಿಗೇ ವಿಶೇಷವಾದ ಒಂದು ತೊಡಕೂ ಇದೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಮಾತು ತೆಲುಗಿನಲ್ಲಿ, ಚೀಟಿ ಕನ್ನಡದಲ್ಲಿ. ತೆಲುಗಿನ 'ಇಸ್ತಾನು' ಎಂದರೆ ನಾನು ಕೊಡುತ್ತೇನೆ. ಅವನು ಕೊಡುತ್ತಾನೆ ಎನ್ನಲು 'ಇಸ್ತಾಡು' ಎನ್ನಬೇಕು. ಕನ್ನಡದ ಕಿವಿಗೆ 'ತಾನು' ಎಂಬ ಬಾಲ 'ಕೊಡ್ತಾನೆ'ಯ ನೆನಪು ತಂದು ಅವನು ಎಂದೇ ಕೇಳುತ್ತದೆ. ಹೊಸ ಗುಮಾಸ್ತೆ ಹಾಗೆಯೇ ಬರೆದುಕೊಂಡು, ಹಣಕ್ಕಾಗಿ ಮೂರನೆಯವನ ಅಂಗಡಿಯ ಮುಂದೆ ನಿಂತದ್ದನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ, ಮಾರ್ಚ್ 31ರ ಬಾಕಿ ದೃ‌ಢೀಕರಣ ಪತ್ರ. ನಾವು ಲೆಕ್ಕಪರಿಶೋಧಕರೇ ಅಚ್ಚು ಹಾಕಿಸಿ ಹಂಚಿದ ನಮೂನೆಗಳಲ್ಲಿ 'ದಿನಾಂಕ 31ರಂದು ನನ್ನಿಂದ ಇಷ್ಟು ಬಾಕಿ ಇತ್ತು' ಎಂದಿರುವುದುಂಟು. ಅಂದು ಇತ್ತು, ಇಂದು ಇಲ್ಲ ಎಂದು ವಾದಿಸಲು ಆ 'ಇತ್ತು' ಸಾಕು. ನನ್ನ ನಮೂನೆಯ ವಾಕ್ಯವನ್ನು ಹೀಗೆ ಬದಲಿಸಿದ್ದೇನೆ: 'ದಿನಾಂಕ 31ರ ಲೆಕ್ಕದಂತೆ ನಾನು ತಮಗೆ ಇಷ್ಟು ರೂಪಾಯಿ ಪಾವತಿಸಬೇಕಾಗಿದೆ, ಸಹಿ ಮಾಡುವ ಈ ದಿನವೂ ಅದು ಬಾಕಿ ಇದೆ, ಇಂಥ ದಿನಾಂಕದೊಳಗೆ ಪಾವತಿಸುವೆನು.' ಒಪ್ಪಿಗೆಯೂ ಇದೆ, ವಾಗ್ದಾನವೂ ಇದೆ. ಕೆಳಗೆ ಸಾಲಗಾರನು ತನ್ನ ಕೈಯಿಂದಲೇ ಸಹಿಯ ದಿನಾಂಕವನ್ನು ಬರೆಯಬೇಕು. ದೊಡ್ಡ ಮೊಬಲಗಾದರೆ ಸ್ಟಾಂಪಿನ ವಿಷಯವನ್ನು ವಕೀಲರಲ್ಲಿ ಕೇಳಿ ತಿಳಿಯುವುದು.

ಗ್ರಾನೈಟ್ ಘಟಕದ ಸದಸ್ಯರಿಗೆ ಪರಿಹಾರ ಸಿಗಲಿಲ್ಲ, ಯಂತ್ರ ಜುಲೈ ತಿಂಗಳಲ್ಲಿ ಬಂತು. ಈಚೆಗೆ ಬಿಡಿಭಾಗಗಳಿಗಾಗಿ ಅದೇ ತಯಾರಕರಿಗೆ ಬರೆದಾಗ ಮೊದಲ ಉತ್ತರದಲ್ಲಿ ಮತ್ತೆ ಎರಡು 'ಮ' ಇದ್ದವು. ಒಂದನ್ನು ತೆಗೆದು ದಿನಾಂಕ ಸೇರಿಸಿ ಕಳುಹಿಸಿರೆಂದು ಇವರು ಮರಳಿ ಬರೆದರು. ನಾಲ್ಕನೆಯ ದಿನ ಒಂದೇ 'ಮ' ಇರುವ ಪತ್ರ ಬಂತು. ಮುಂಗಡವನ್ನು ಅದಾದ ಮೇಲೆಯೇ ಕಳುಹಿಸಿದ್ದಾರೆ.